ಬಣ್ಣ ನುಂಗುವ ಸಿಪ್ಪೆ!

ಒಂದು ಗ್ರಾಂ ನೀಲಿ ಪುಡಿ. ಅರ್ಧ ಚಮಚವೂ ಇಲ್ಲ!

ಅದನ್ನು ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿಗೆ ಹಾಕಿ ಕದಡಿದರೆ ಏನಾದೀತು? ಹೇಳಿ ನೋಡೋಣ. ಅಷ್ಟು ನೀರಿಗೆ ಅಷ್ಟು ಪುಡಿ ಎಲ್ಲಿ ಕಾಣುತ್ತದೆ ಅಂದಿರಾ? ತಪ್ಪು! ಇಡೀ ಟ್ಯಾಂಕು ನೀಲಿ! ಹತ್ತು ಲಕ್ಷ ಪಾಲು ನೀರಿಗೆ ಒಂದೇ ಪಾಲು ಬಣ್ಣ. ಅಷ್ಟು ಸಾಕು, ಕಣ್ಣಿಗೆ ಗೊತ್ತಾಗಿಬಿಡುತ್ತದೆ.

ಹಾಕಿದ್ದು ಸುಲಭ. ಈಗ ತೆಗೆಯಿರಿ!

ಬಟ್ಟೆಯಲ್ಲಿ ಸೋಸುತ್ತೀರಾ? ಬಟ್ಟೆಗೆ ಒಂದಿಷ್ಟು ನೀಲಿ ಹತ್ತೀತು, ನೀರು ನೀಲಿಯಾಗಿಯೇ ಇಳಿದೀತು. ಕುದಿಸುತ್ತೀರಾ? ನೀರು ಆವಿಯಾಗಿ ಹೋಗುತ್ತದೆ, ಉಳಿದದ್ದು ಇನ್ನಷ್ಟು ಗಾಢ! ತಿಳಿಯಾಗಲಿ ಎಂದು ರಾತ್ರಿಯಿಡೀ ಬಿಡುತ್ತೀರಾ? ಅದು ತಳದಲ್ಲಿ ಕೂರುವ ಕೆಸರಲ್ಲ ಮಾರಾಯ್ರೇ, ನೀರಿನಲ್ಲಿ ಕರಗಿಹೋದ ಬಣ್ಣ!

ಕೈಚೆಲ್ಲಬೇಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯವರಾದರೆ ಉತ್ತರ ನಿಮ್ಮ ಮನೆಯ ಹಿಂದೆಯೇ ರಾಶಿ ಬಿದ್ದಿದೆ.

ಸುಳಿವು ಬೇಕೇ? ಬಚ್ಚಲ ಒಲೆಗೆ ತುರುಕುತ್ತೀರಿ. ಮಳೆಗಾಲದಲ್ಲಿ ದಾರಿಯ ಕೆಸರಿಗೆ ಹರಡುತ್ತೀರಿ. ತೋಟಕ್ಕೆ ಹಾಕಿದರೆ ಬೇಗ ಕೊಳೆಯುವುದೂ ಇಲ್ಲ. ಮಾರಿದರೆ ಕಾಸೂ ಹುಟ್ಟುವುದಿಲ್ಲ.

ಹೌದು. ಅಡಿಕೆ ಸಿಪ್ಪೆ!

ರಾಶಿ ಎಷ್ಟು ದೊಡ್ಡದು?

ಒಂದು ಹಣ್ಣಡಿಕೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಮಂಗಳೂರಿನ ಮಾರುಕಟ್ಟೆಯಲ್ಲಿ ಬೆಲೆ ಸಿಗುವುದು ಯಾವುದಕ್ಕೆ? ಒಳಗಿನ ಅಡಿಕೆಗೆ. ಅಂಗೈಯಲ್ಲಿ ಭಾರವಾಗಿರುವುದು ಯಾವುದು? ಹೊರಗಿನ ಸಿಪ್ಪೆ! ಹಸಿ ಹಣ್ಣಿನ ತೂಕದಲ್ಲಿ ದೊಡ್ಡ ಪಾಲು ಅದರದ್ದೇ. ಎಂದರೆ ನಮ್ಮ ತೋಟಗಳು ಅಡಿಕೆಗಿಂತ ಹೆಚ್ಚಾಗಿ ಸಿಪ್ಪೆ ಬೆಳೆಯುತ್ತಿವೆ!

ಜಗತ್ತಿನಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ದೇಶ ಭಾರತ. ದೇಶದೊಳಗೆ ಮೊದಲ ಸ್ಥಾನ ಕರ್ನಾಟಕದ್ದು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲೇ ಅಡಿಕೆಗೆಂದೇ ಸಂಶೋಧನಾ ಕೇಂದ್ರ ಬಂತು. ಇಂದು ಅದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಪ್ರಾದೇಶಿಕ ಕೇಂದ್ರ. 1972ರ ‘ಮಂಗಳ’ ತಳಿ ಅಲ್ಲಿಂದಲೇ ಹೊರಟಿತು. ತೋಟದ ಕಸದಿಂದ ಎರೆಗೊಬ್ಬರ ಮಾಡುವ ಬಗೆಯನ್ನೂ ಅದೇ ಕೇಂದ್ರ ಕಲಿಸಿತು.

ಅಷ್ಟಾದರೂ ಸಿಪ್ಪೆಯ ರಾಶಿ ಮುಗಿಯುವುದಿಲ್ಲ! ಚಾಲಿ ಒಣಗಿಸಿ, ಸುಲಿದು, ಗೋಣಿ ಕಟ್ಟಿ ಕಳಿಸಿದ ಮೇಲೂ ಮನೆಯ ಹಿಂದೆ ಗುಡ್ಡವೊಂದು ನಿಂತಿರುತ್ತದೆ.

ಆ ಗುಡ್ಡಕ್ಕೆ ಬಾಯಾರಿಕೆ ಇದೆ. ಬಣ್ಣದ ಬಾಯಾರಿಕೆ!

ಮೊದಲ ಪಲ್ಟಿ

ಹಾಗಾದರೆ ಒಂದು ಹಿಡಿ ಸಿಪ್ಪೆ ತಂದು ನೀಲಿ ನೀರಿಗೆ ಹಾಕಿಬಿಡೋಣವೇ? ನೀರು ತಿಳಿಯಾದೀತೇ? ಊಹಿಸಿ!

ಆಗುವುದು ಇದು: ನೀರು ಕೆಂಪುಕಂದು! ಬಣ್ಣ ತೆಗೆಯಲು ಬಂದದ್ದು ತನ್ನ ಬಣ್ಣವನ್ನೇ ಬಿಟ್ಟುಬಿಟ್ಟಿತು! ಸಿಪ್ಪೆಯೊಳಗಿನ ಒಗರು, ಅಂದರೆ ಟ್ಯಾನಿನ್ ಮತ್ತು ಅದರ ಬಳಗ, ನೀರಿಗೆ ಇಳಿದದ್ದರ ಫಲ.

ಅದಕ್ಕೇ ಬೇಕು ಸಂಸ್ಕಾರ. ಇಡೀ ಕಥೆಯ ಗುಟ್ಟು ಇರುವುದು ಇಲ್ಲಿಯೇ!

ಸರಳ ದಾರಿ ಹೀಗಿದೆ. ಸಿಪ್ಪೆಯನ್ನು ಪುಡಿ ಮಾಡಬೇಕು. ಬಿಸಿನೀರಿನಲ್ಲಿ ಕುದಿಸಿ ಚೆಲ್ಲಬೇಕು. ಮತ್ತೆ ಕುದಿಸಬೇಕು. ಒಗರು ಇಳಿಯುವುದು ನಿಲ್ಲುವ ತನಕ ತೊಳೆದು ಒಣಗಿಸಬೇಕು.

ಪ್ರಯೋಗಾಲಯದವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ತೆಳುವಾದ ಕಾಸ್ಟಿಕ್ ಸೋಡದಲ್ಲಿ ಅದನ್ನು ನೆನೆಸುತ್ತಾರೆ. ಆಗ ನೋಡಿ! ನಾರಿನ ಮೇಲಿನ ಮೇಣದ ಪದರ ಕಳಚುತ್ತದೆ. ನಾರು ಉಬ್ಬುತ್ತದೆ. ಬಿಗಿಯಾಗಿದ್ದದ್ದು ಸಡಿಲವಾಗುತ್ತದೆ. ಮುಚ್ಚಿಕೊಂಡಿದ್ದ ಸಾವಿರಾರು ರಾಸಾಯನಿಕ ಕೈಗಳು ತೆರೆದುಕೊಳ್ಳುತ್ತವೆ!

ಮತ್ತೆ ನೀಲಿ ನೀರಿಗೆ ಹಾಕಿ. ಅಲ್ಲಾಡಿಸಿ. ಗಡಿಯಾರ ನೋಡುತ್ತಿರಿ. ಎಷ್ಟು ಹೊತ್ತು ಬೇಕಾದೀತು? ಒಂದು ವಾರವೇ? ಒಂದು ದಿನವೇ?

ಇಂಥ ಪುಡಿಗಳ ಹೆಚ್ಚಿನ ಪ್ರಯೋಗಗಳಲ್ಲಿ ಬಣ್ಣದ ದೊಡ್ಡ ಪಾಲು ಮಾಯವಾಗುವುದು ಮೊದಲ ಕೆಲವು ನಿಮಿಷಗಳಲ್ಲೇ! ಆಮೇಲೆ ವೇಗ ಇಳಿಯುತ್ತದೆ. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಆಟ ಸಾಮಾನ್ಯವಾಗಿ ಮುಗಿದಿರುತ್ತದೆ.

ಯಾಕೆ ಅಂಟುತ್ತದೆ?

ಉತ್ತರ ನಿಮ್ಮ ಮೊದಲ ಸೋತ ಉಪಾಯದಲ್ಲೇ ಅಡಗಿತ್ತು! ಬಟ್ಟೆಯಲ್ಲಿ ಸೋಸಿದಾಗ ಏನಾಯಿತು? ಬಟ್ಟೆಗೆ ಒಂದಿಷ್ಟು ನೀಲಿ ಹತ್ತಿತು.

ಹತ್ತಿ ಬಟ್ಟೆ ಅಂದರೆ ಏನು? ಸಸ್ಯದ ನಾರು, ಸೆಲ್ಯುಲೋಸ್. ಅಡಿಕೆ ಸಿಪ್ಪೆ ಅಂದರೆ ಏನು? ಅದೂ ಸಸ್ಯದ ನಾರೇ! ಬಣ್ಣಗಳನ್ನು ಮನುಷ್ಯ ಹುಡುಕಿದ್ದೇ ನಾರಿಗೆ ಅಂಟಲಿ ಎಂದು. ಒಗೆದರೂ ಬಿಡಬಾರದು ಎಂದು. ಆ ಹಟವನ್ನೇ ಹಿಮ್ಮುಖ ತಿರುಗಿಸಿ! ಬಟ್ಟೆಗೆ ಅಂಟುವ ಬಣ್ಣ ಸಿಪ್ಪೆಗೆ ಅಂಟಲಾರದೇ?

ಇನ್ನೂ ಸೋಜಿಗ ಕೇಳಿ. ನಮ್ಮ ಟ್ಯಾಂಕಿನ ನೀಲಿ, ಅಂದರೆ ಮೆಥಿಲೀನ್ ಬ್ಲೂ, ಮತ್ತು ಅದರ ಥರದ ಬಣ್ಣಗಳನ್ನು ಬರಿಯ ಹತ್ತಿ ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಬಣ್ಣಗಾರರು ಹತ್ತಿಗೆ ಮೊದಲು ಟ್ಯಾನಿನ್ ಕುಡಿಸುತ್ತಿದ್ದರು. ಅದೇ ಒಗರು! ಸೆಣಬಿಗಾದರೆ ಆ ಉಪಚಾರ ಬೇಡ. ಅದರಲ್ಲಿ ಲಿಗ್ನಿನ್ ಇದೆ, ನೇರವಾಗಿ ಬಣ್ಣ ಹಿಡಿಯುತ್ತದೆ. ಅಡಿಕೆ ಸಿಪ್ಪೆಯಲ್ಲಿ? ಸೆಲ್ಯುಲೋಸ್ ಇದೆ. ಲಿಗ್ನಿನ್ ಇದೆ. ತೊಳೆದ ಮೇಲೂ ನಾರಿಗೆ ಕಚ್ಚಿಕೊಂಡು ಉಳಿಯುವ ಒಗರು ಒಂದಿಷ್ಟು ಇದೆ. ಬಣ್ಣಗಾರನ ತಯಾರಿಯೆಲ್ಲ ಹುಟ್ಟಿನಿಂದಲೇ ಮುಗಿದಿದೆ!

ಬಾಳೆಗೊನೆ ಕಡಿಯುವಾಗ ಅಂಗಿಗೆ ಹತ್ತಿದ ಕಲೆ ನೆನಪಿದೆಯೇ? ಗೇರುಹಣ್ಣಿನ ರಸ ಸೋರಿದ್ದು? ಯಾವ ಸಾಬೂನಿಗೂ ಜಗ್ಗಲಿಲ್ಲ ಅಲ್ಲವೇ? ಆಗ ಶಪಿಸಿದಿರಿ. ಈಗ ಚಪ್ಪಾಳೆ ತಟ್ಟಿ! ನಾರಿಗೂ ಬಣ್ಣಕ್ಕೂ ಇರುವ ಆ ಬಿಡದ ನಂಟೇ ಇಲ್ಲಿ ನೀರನ್ನು ತೊಳೆಯುತ್ತಿರುವುದು!

ಇನ್ನೂ ಒಳಗೆ ಇಳಿಯೋಣ. ಮೆಥಿಲೀನ್ ಬ್ಲೂವಿನ ಅಣು ನೀರಿನಲ್ಲಿ ಧನ ವಿದ್ಯುದಂಶ ಹೊತ್ತಿರುತ್ತದೆ. ಸಿಪ್ಪೆಯ ಮೈಮೇಲಿನ ಕಾರ್ಬಾಕ್ಸಿಲ್ ಗುಂಪುಗಳು ನೀರಿನಲ್ಲಿ ಹೈಡ್ರೋಜನ್ ಬಿಟ್ಟುಕೊಟ್ಟು ಋಣ ವಿದ್ಯುದಂಶ ಪಡೆಯುತ್ತವೆ. ಧನ, ಋಣ. ಟಪ್ಪೆಂದು ಅಂಟು! ಬಣ್ಣ ಸಿಪ್ಪೆಯಲ್ಲಿ ಕರಗುವುದಲ್ಲ, ಅದರ ಮೈಮೇಲೆ ಸಾಲಾಗಿ ಕೂರುತ್ತದೆ. ವಿಜ್ಞಾನ ಇದನ್ನು ಅಧಿಶೋಷಣೆ ಎನ್ನುತ್ತದೆ.

ಎಷ್ಟು ಅಣುಗಳನ್ನು ಹೀಗೆ ಹಿಡಿಯಬೇಕು? ನಮ್ಮ ಸಿಂಟೆಕ್ಸ್ ಟ್ಯಾಂಕಿನಿಂದ ಒಂದು ಹನಿ ತೆಗೆಯಿರಿ. ಒಂದೇ ಹನಿ! ಅದರೊಳಗೆ ಎಷ್ಟು ಬಣ್ಣದ ಅಣುಗಳಿವೆ? ಸಾವಿರವೇ? ಕೋಟಿಯೇ?

ತೊಂಬತ್ತು ಲಕ್ಷ ಕೋಟಿಗೂ ಹೆಚ್ಚು!

ಅಷ್ಟನ್ನೂ ಹುಡುಕಿ ಹಿಡಿಯಬೇಕು. ಹಿಡಿಯುವುದು ಯಾರು? ಬಚ್ಚಲ ಒಲೆಗೆ ಹೊರಟಿದ್ದ ಸಿಪ್ಪೆ!

25 ಸೆಂಟ್ಸ್ ಜಾಗ ಎಲ್ಲಿದೆ?

ಬಚ್ಚಲ ಒಲೆ ಅಂದೆವಲ್ಲ? ಬನ್ನಿ, ಈಗ ಸಿಪ್ಪೆಯನ್ನು ಸುಡೋಣ!

ಆದರೆ ಬೂದಿಯಾಗುವ ಹಾಗೆ ಅಲ್ಲ. ಫಾಸ್ಫರಿಕ್ ಆಮ್ಲದಲ್ಲಿ ನೆನೆಸಿ, ಗಾಳಿ ತಾಗದಂತೆ ಮುಚ್ಚಿ, ಸುಮಾರು 400–500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ಪ್ರಯೋಗಾಲಯದ್ದು. ಕೊನೆಗೆ ಆಮ್ಲವನ್ನು ತೊಳೆದು ತೆಗೆದರೆ ಉಳಿಯುವುದು ಕಪ್ಪು ಪುಡಿ, ಸಕ್ರಿಯ ಇಂಗಾಲ.

ಅದರ ಒಂದು ಗ್ರಾಂ ಅಂಗೈಯಲ್ಲಿಡಿ. ನೋಡಲು ಏನೂ ಇಲ್ಲ. ಆದರೆ ಅದರ ಒಳಮೈಯನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸಿದರೆ ಎಷ್ಟು ಜಾಗ ಬೇಕು? ಒಂದು ಚಾಪೆಯಷ್ಟೇ? ಒಂದು ಕೋಣೆಯಷ್ಟೇ? ಇಡೀ ಅಂಗಳವೇ?

ಒಳ್ಳೆಯ ಸಕ್ರಿಯ ಇಂಗಾಲವಾದರೆ ಗ್ರಾಂಗೆ ಸುಮಾರು ಸಾವಿರ ಚದರ ಮೀಟರ್! ನಮ್ಮೂರ ಲೆಕ್ಕದಲ್ಲಿ ಹೇಳಲೇ? 25 ಸೆಂಟ್ಸ್! ಮನೆ, ಬಾವಿ, ಅಂಗಳ ಎಲ್ಲ ಮಾಡಿಕೊಂಡು ಮತ್ತೂ ಜಾಗ ಉಳಿಯುವಷ್ಟು. ನಾಲ್ಕು ಗ್ರಾಂ ತೆಗೆದುಕೊಂಡರೆ ಹತ್ತಿರ ಹತ್ತಿರ ಒಂದು ಎಕರೆ! ಅದೂ ಚಮಚದೊಳಗೆ!

ಹೇಗೆ ಸಾಧ್ಯ? ಒಳಗೆಲ್ಲ ರಂಧ್ರ. ರಂಧ್ರದೊಳಗೆ ರಂಧ್ರ. ಹುತ್ತದ ಒಳಗಿನ ಓಣಿಗಳ ಹಾಗೆ ಕವಲೊಡೆದು, ಅಣುಗಳಷ್ಟೇ ತೂರುವಷ್ಟು ಸಣ್ಣದಾಗುತ್ತ ಹೋಗುವ ದಾರಿಗಳು!

ಈಗ ಇನ್ನೊಂದು ಒಗಟು. ಸುಡದ, ಬರಿಯ ಸಂಸ್ಕಾರ ಮಾಡಿದ ಸಿಪ್ಪೆಗೆ ಇಷ್ಟು ಜಾಗ ಇದೆಯೇ? ಇಲ್ಲವೇ ಇಲ್ಲ! ಅದರ ಎದುರು ತೀರಾ ಪುಟ್ಟದು. ಆದರೂ ಅದು ಬಣ್ಣ ಹಿಡಿಯುತ್ತದೆ! ಒಬ್ಬನಿಗೆ ಜಾಗದ ಬಲ, ಇನ್ನೊಬ್ಬನಿಗೆ ಸೆಳೆತದ ಬಲ. ಕಚ್ಚಾ ವಸ್ತು ಒಂದೇ, ವಿದ್ಯೆ ಎರಡು!

ಔಷಧಿ ಅಂಗಡಿಯಿಂದ ಯುದ್ಧಭೂಮಿಗೆ

ಇದ್ದಿಲು ಬಣ್ಣ ಕಳೆಯುತ್ತದೆ ಎಂದು ಮೊದಲು ಗಮನಿಸಿದ್ದು ಯಾವಾಗ? 1785ರಲ್ಲಿ! ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಟೋಬಿಯಾಸ್ ಲೋವಿಟ್ಸ್ ಎಂಬ ಔಷಧ ತಯಾರಕ. ಅವನು ಟಾರ್ಟಾರಿಕ್ ಆಮ್ಲದ ಹರಳು ಮಾಡುತ್ತಿದ್ದ. ದ್ರಾವಣ ಕಂದಾಗುತ್ತಿತ್ತು. ಇದ್ದಿಲಿನ ಪುಡಿ ಬಿತ್ತು. ದ್ರಾವಣ ತಿಳಿ!

ಮುಂದೆ ಸಕ್ಕರೆ ಕಾರ್ಖಾನೆಗಳು ಇದ್ದಿಲಿನ ಬೆನ್ನು ಹತ್ತಿದವು. ಸಕ್ಕರೆ ಬೆಳ್ಳಗಾಯಿತು.

ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಂತು. 1918ರಲ್ಲಿ ಅಮೆರಿಕ ತನ್ನ ಜನರ ಹತ್ತಿರ ಏನು ಬೇಡಿತು ಗೊತ್ತೇ? ಪೀಚ್ ಹಣ್ಣಿನ ಬೀಜ! ಅಕ್ರೋಟಿನ ಚಿಪ್ಪು! ಒಂದು ಗ್ಯಾಸ್ ಮಾಸ್ಕಿನ ಇಂಗಾಲಕ್ಕೆ 200 ಪೀಚ್ ಬೀಜ ಅಥವಾ ಏಳು ಪೌಂಡ್ ಚಿಪ್ಪು ಬೇಕು ಎಂದು ಊರೂರಲ್ಲಿ ಪ್ರಚಾರ. ತೆಂಗಿನ ಗೆರಟೆಯ ಇಂಗಾಲವಂತೂ ಅತ್ಯುತ್ತಮ ಅನ್ನಿಸಿಕೊಂಡಿತು.

ಗೆರಟೆ! ನಮ್ಮ ಗೆರಟೆ! ನಿಮ್ಮ ಅಡುಗೆಮನೆಯ ವಾಟರ್ ಫಿಲ್ಟರಿನ ಕಾರ್ಬನ್ ಕಾರ್ಟ್ರಿಜ್ಜಿನಲ್ಲಿ ಇಂದು ಇರುವುದೂ ಬಹುತೇಕ ಅದೇ ಇರಬಹುದು! ತೆಂಗಿನ ಗೆರಟೆ ಗೋಡೆಗೆ ಏರಿ ಕೂತಿದೆ. ಪಕ್ಕದ ಮರದ ಅಡಿಕೆ ಸಿಪ್ಪೆ ಇನ್ನೂ ಬಚ್ಚಲಲ್ಲಿದೆ!

ಸಿಪ್ಪೆ ಎಷ್ಟು ಬಣ್ಣ ಹಿಡಿಯಬಲ್ಲದು ಎಂಬ ಲೆಕ್ಕದ ಸೂತ್ರ ಎಲ್ಲಿಂದ ಬಂತು, ಊಹಿಸಿ. ಬಲ್ಬಿನಿಂದ! ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಬಲ್ಬಿನ ತಂತಿ, ಅದರ ಮೇಲೆ ಕೂರುವ ಅನಿಲ ಎಂದು ತಲೆ ಕೆಡಿಸಿಕೊಂಡಿದ್ದ ಅರ್ವಿಂಗ್ ಲ್ಯಾಂಗ್ಮೂರ್ 1918ರ ಹೊತ್ತಿಗೆ ಒಂದು ಸಮೀಕರಣ ಬರೆದ. ಮೇಲ್ಮೈಗಳ ಅಧ್ಯಯನಕ್ಕಾಗಿ 1932ರಲ್ಲಿ ಅವನಿಗೆ ನೊಬೆಲ್ ಬಂತು. ಇಂದು ಯಾವ ಕಾಲೇಜಿನ ಪ್ರಯೋಗಾಲಯದಲ್ಲಿ ಸಿಪ್ಪೆ ಕುಲುಕಿದರೂ ಆ ಸಮೀಕರಣ ಹಾಜರ್!

ನೀಲಿಯ ಮೂರು ಮುಖ

ಈ ಮೆಥಿಲೀನ್ ಬ್ಲೂ ಸಾಮಾನ್ಯ ಆಸಾಮಿಯಲ್ಲ!

1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಕ್ವಿನೈನ್ ಮಾಡಲು ಹೊರಟು ನೇರಳೆ ಬಣ್ಣ ಮಾಡಿಬಿಟ್ಟ. ಕೃತಕ ಬಣ್ಣಗಳ ಯುಗವೇ ಶುರು! 1876ರಲ್ಲಿ ಜರ್ಮನಿಯ ಬಿಎಎಸ್‌ಎಫ್‌ನ ಹೈನ್ರಿಖ್ ಕಾರೊ ಮೆಥಿಲೀನ್ ಬ್ಲೂ ತಯಾರಿಸಿದ. 1891ರಲ್ಲಿ ಪೌಲ್ ಎರ್ಲಿಖ್ ಅದನ್ನು ಯಾವುದಕ್ಕೆ ಬಳಸಿದ ಹೇಳಿ? ಮಲೇರಿಯಾಕ್ಕೆ! ಔಷಧಿ ಹುಡುಕಿದವನಿಗೆ ಬಣ್ಣ ಸಿಕ್ಕಿತು, ಬಣ್ಣದಿಂದ ಔಷಧಿ ಸಿಕ್ಕಿತು!

ಇಂದಿಗೂ ಅದು ಆಸ್ಪತ್ರೆಯಲ್ಲಿದೆ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಶಿಲೀಂಧ್ರಕ್ಕೂ ಅದನ್ನೇ ಕೊಡುತ್ತಾರೆ. ಮೂರನೆಯ ಮುಖ ಇನ್ನೂ ಮಜಾ: ಸಕ್ರಿಯ ಇಂಗಾಲ ಎಷ್ಟು ಗಟ್ಟಿಗ ಎಂದು ಅಳೆಯುವ ಒಂದು ಅಳತೆಗೋಲೇ ಮೆಥಿಲೀನ್ ಬ್ಲೂ! ಎಷ್ಟು ನೀಲಿ ಕುಡಿದೆ, ಹೇಳು. ಅಷ್ಟು ನಿನ್ನ ತಾಕತ್ತು!

ಯಾರು ಯಾರು ಮಾಡಿದ್ದಾರೆ?

ಕನಸಲ್ಲ, ಆಗಿರುವ ಕೆಲಸ!

ಸುರತ್ಕಲ್ಲಿನ ಎನ್‌ಐಟಿಕೆ ಬಂಟ್ವಾಳಕ್ಕೆ ಎಷ್ಟು ದೂರ? ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಅಲ್ಲಿನ ಸಂಶೋಧಕರು ಗಾಳಿಯಿಲ್ಲದೆ ಸುಟ್ಟ ಅಡಿಕೆ ಸಿಪ್ಪೆಯಿಂದ ನೀರಿನ ಕಬ್ಬಿಣದ ಅಂಶ ತೆಗೆಯುವ ಅಧ್ಯಯನವನ್ನು ಪ್ರಕಟಿಸಿದ್ದಾರೆ. ಬಾವಿನೀರು ಕೊಡದಲ್ಲಿ ಕೆಂಪು ಕಟ್ಟುವ ಮನೆಯವರೇ, ಕಿವಿ ನಿಮಿರಿತೇ?

ಅಡಿಕೆ ಬೆಳೆಯುವ ಇನ್ನೊಂದು ನಾಡು ಅಸ್ಸಾಂ. ಅಲ್ಲಿನ ಸಿಲ್ಚಾರ್ ಎನ್‌ಐಟಿಯವರು ರಾಸಾಯನಿಕ ಸಂಸ್ಕಾರ ಮಾಡಿದ ಅಡಿಕೆ ಸಿಪ್ಪೆಯಿಂದ ಬ್ರಿಲಿಯಂಟ್ ಗ್ರೀನ್ ಎಂಬ ಹಸಿರು ಬಣ್ಣವನ್ನು ನೀರಿನಿಂದ ತೆಗೆದು 2021ರಲ್ಲಿ ವರದಿ ಮಾಡಿದರು. ನಮ್ಮದೇ ಸಿಪ್ಪೆ, ಅವರ ಹಸಿರು!

ಬಾಳೆದಿಂಡು? ಅದೂ ಬಿಟ್ಟಿಲ್ಲ! ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಿ. ನಮಶಿವಾಯಂ ಮತ್ತು ಸಂಗಡಿಗರು 1992ರಲ್ಲೇ ಬಾಳೆದಿಂಡಿನ ಕಸದಿಂದ ಬಣ್ಣ ತೆಗೆಯುವುದನ್ನು ತೋರಿಸಿದ್ದರು. 2002ರಲ್ಲಿ ತೆಂಗಿನ ನಾರಿನ ಪುಡಿಯ ಇಂಗಾಲದಿಂದ ಕಾಂಗೊ ರೆಡ್ ಎಂಬ ಕೆಂಪು ಬಣ್ಣ ತೆಗೆದರು. ಕೊಯಮತ್ತೂರಿನಲ್ಲೇ ಯಾಕೆ? ಪಕ್ಕದಲ್ಲೇ ತಿರುಪ್ಪೂರು! ಬಣ್ಣದ ನೀರಿನಿಂದ ನೊಯ್ಯಲ್ ನದಿ ಎಷ್ಟು ಕೆಟ್ಟಿತೆಂದರೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಹೇಳಬೇಕಾಯಿತು.

ಮೂಡುಬಿದಿರೆ ಕಡೆಯ ಗೇರುಬೀಜದ ಕಾರ್ಖಾನೆಗಳವರೇ, ನಿಮ್ಮ ಸರದಿ! ಗೇರುಬೀಜದ ಚಿಪ್ಪಿನಿಂದ ಕಾಂಗೊ ರೆಡ್ ತೆಗೆಯುವ ಅಧ್ಯಯನ 2010ರಲ್ಲಿ ಚೆನ್ನೈಯಿಂದ ಬಂತು. ಅಡಿಕೆ, ಬಾಳೆ, ತೆಂಗು, ಗೇರು. ನಮ್ಮ ಒಂದೇ ತೋಟದಲ್ಲಿ ನಾಲ್ಕೂ ಇವೆ!

ಕೆಂಪಿಗೆ ಯಾಕೆ ಮುನಿಸು?

ತಡೆಯಿರಿ, ಸಿಪ್ಪೆ ಎಲ್ಲ ಬಣ್ಣವನ್ನೂ ಹಿಡಿಯುತ್ತದೆಯೇ?

ಕಾಂಗೊ ರೆಡ್ ಹಾಕಿ ನೋಡಿ. ನೀಲಿಯನ್ನು ಗಬಗಬನೆ ನುಂಗಿದ ಅದೇ ಸಿಪ್ಪೆ ಈಗ ಮುಖ ತಿರುಗಿಸುತ್ತದೆ! ಯಾಕೆ? ಕಾಂಗೊ ರೆಡ್ ಹೊತ್ತಿರುವುದು ಋಣ ವಿದ್ಯುದಂಶ. ಸಿಪ್ಪೆಯ ಮೈಯೂ ಋಣ. ಒಂದೇ ಜಾತಿಯ ಎರಡು ವಿದ್ಯುದಂಶಗಳು ಒಂದನ್ನೊಂದು ದೂಡುತ್ತವೆ!

ಉಪಾಯ ಏನು? ನೀರನ್ನು ಸ್ವಲ್ಪ ಹುಳಿ ಮಾಡಿ, ಅಂದರೆ ಆಮ್ಲದ ಕಡೆಗೆ ವಾಲಿಸಿ. ಸಿಪ್ಪೆಯ ಮೈ ಬದಲಾಗುತ್ತದೆ. ದೂಡುತ್ತಿದ್ದದ್ದು ಸೆಳೆಯತೊಡಗುತ್ತದೆ! ಇಲ್ಲವೇ ಸುಟ್ಟು ಇಂಗಾಲ ಮಾಡಿ. ಅದು ಕೆಂಪು, ನೀಲಿ ಎಂದು ಅಷ್ಟು ಭೇದ ಮಾಡುವುದಿಲ್ಲ.

ಇದನ್ನೇ ಹಿಂದು ಮುಂದಾಗಿ ಆಡಿಸಿದರೆ ಇನ್ನೊಂದು ಜಾದೂ! ನೀಲಿ ಕುಡಿದು ಹೊಟ್ಟೆ ತುಂಬಿದ ಸಿಪ್ಪೆಯನ್ನು ತೆಳುವಾದ ಆಮ್ಲದಲ್ಲಿ ಅದ್ದಿ. ನೀಲಿ ಮತ್ತೆ ಇಳಿಯತೊಡಗುತ್ತದೆ! ಹಿಡಿದಿದ್ದ ಕೈಗಳಿಗೆ ಹೈಡ್ರೋಜನ್ ವಾಪಸ್ ಸಿಕ್ಕಿತು, ಬಣ್ಣವನ್ನು ಬಿಟ್ಟವು. ಸಿಪ್ಪೆ ಇನ್ನೊಂದು ಸುತ್ತಿಗೆ ತಯಾರು. ಪ್ರತಿ ಸುತ್ತಿಗೂ ತಾಕತ್ತು ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ಬಣ್ಣ ನಾಶವಾಗಿರಲಿಲ್ಲ, ಸೆರೆ ಸಿಕ್ಕಿತ್ತು ಅಷ್ಟೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹಾಗಾಗಿ ಒಂದು ಎಚ್ಚರ. ಬಣ್ಣ ಕುಡಿದ ಸಿಪ್ಪೆಯನ್ನು ತೋಟಕ್ಕೆ ಎಸೆಯುವಂತಿಲ್ಲ! ಮಳೆ ಬಂದರೆ ಸೆರೆ ಒಡೆದೀತು. ಅದನ್ನು ಸರಿಯಾಗಿ ಸುಟ್ಟೋ ಭದ್ರ ಮಾಡಿಯೋ ಮುಗಿಸಬೇಕು. ಮತ್ತೆ, ಕಣ್ಣಿಗೆ ತಿಳಿಯಾದ ನೀರು ಕುಡಿಯುವ ನೀರಲ್ಲ. ಬಣ್ಣದ ಜೊತೆ ಬಂದ ಉಪ್ಪು, ಇತರ ರಾಸಾಯನಿಕಗಳನ್ನು ಸಿಪ್ಪೆ ಲೆಕ್ಕಕ್ಕೇ ತೆಗೆದುಕೊಂಡಿರಲಿಕ್ಕಿಲ್ಲ!

ಕೊಟ್ಟವನೂ ಅವನೇ, ಕಿತ್ತವನೂ ಅವನೇ

ಅಡಿಕೆಗೆ ಇನ್ನೊಂದು ವೇಷ ಇದೆ ಗೊತ್ತೇ? ಅದೇ ಬಣ್ಣ ಕೊಡುತ್ತದೆ!

ಘಟ್ಟದ ಮೇಲಿನವರು ಕೆಂಪಡಿಕೆ ಮಾಡಲು ಎಳೆಯ ಅಡಿಕೆ ಬೇಯಿಸುತ್ತಾರೆ. ಬೆಂದ ನೀರು ದಪ್ಪಗಾಗಿ ಚೊಗರು ಆಗುತ್ತದೆ. ಆ ಚೊಗರು ಬಟ್ಟೆಗೆ ಅಚ್ಚುಕಟ್ಟಾದ ಕಂದುಗೆಂಪು ಬಣ್ಣ! ಸಾಗರ ತಾಲೂಕಿನ ಹೆಗ್ಗೋಡಿನ ‘ಚರಕ’ ಕೈಮಗ್ಗದ ಮಹಿಳೆಯರು ನೈಸರ್ಗಿಕ ಬಣ್ಣಗಳಲ್ಲಿ ಅಡಿಕೆಯ ಬಣ್ಣವನ್ನೂ ಬಳಸುತ್ತಾರೆ. ಒಂದೇ ಮರ! ಅಡಿಕೆ ಬಟ್ಟೆಗೆ ಬಣ್ಣ ಬಳಿಯುತ್ತದೆ, ಸಿಪ್ಪೆ ನೀರಿನ ಬಣ್ಣ ಬಳಿದು ತೆಗೆಯುತ್ತದೆ!

ನೀಲಿ ಅಂದಾಗ ಅಡಿಕೆ ಬೆಳೆಗಾರರಿಗೆ ನೆನಪಾಗುವುದು ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು, ಸುಣ್ಣ. ಮೈಲುತುತ್ತಿನಲ್ಲಿ ಇರುವುದು ತಾಮ್ರ. ನೀರಿನಲ್ಲಿ ಕರಗಿದ ತಾಮ್ರವನ್ನೂ ಅಡಿಕೆ ಸಿಪ್ಪೆ ಹಿಡಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ! ಇನ್ನೂ ಏನೇನು ಬಚ್ಚಿಟ್ಟುಕೊಂಡಿದೆಯೋ!

ಕೊನೆಯ ಲೆಕ್ಕ, ನೀವೇ ಮಾಡಿ

ಒಂದು ಬಣ್ಣದ ಘಟಕ ಇದೆ ಅಂದುಕೊಳ್ಳಿ. ದಿನಕ್ಕೆ ಒಂದು ಲಕ್ಷ ಲೀಟರ್ ಬಣ್ಣದ ನೀರು. ಲೀಟರಿಗೆ ನೂರು ಮಿಲಿಗ್ರಾಂ ಬಣ್ಣ. ಅಷ್ಟೂ ಬಣ್ಣದ ತೂಕ ಎಷ್ಟು? ಹತ್ತು ಕಿಲೋ!

ಒಂದು ಗ್ರಾಂ ಸಂಸ್ಕರಿಸಿದ ಸಿಪ್ಪೆ 50 ಮಿಲಿಗ್ರಾಂ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ. ಸುಡದ ಸಸ್ಯಕಸಕ್ಕೆ ಇಂಥ ಹತ್ತಾರು ಮಿಲಿಗ್ರಾಂಗಳ ಅಂಕಿ ಸಹಜ. ದಿನಕ್ಕೆ ಎಷ್ಟು ಸಿಪ್ಪೆ ಬೇಕು? ಲಾರಿಗಟ್ಟಲೆಯೇ?

ಇನ್ನೂರು ಕಿಲೋ!

ಇಂಗಾಲ ಮಾಡಿ, ಗ್ರಾಂಗೆ 250 ಮಿಲಿಗ್ರಾಂ ಹಿಡಿಯುವ ಹಾಗೆ ಮಾಡಿದಿರಾ? ಬರಿಯ ನಲ್ವತ್ತು ಕಿಲೋ ಸಾಕು! ಸುಡುವಾಗ ಸಿಪ್ಪೆಯ ತೂಕದ ದೊಡ್ಡ ಪಾಲು ಹಾರಿಹೋಗುತ್ತದೆ ಎಂಬುದನ್ನು ಮರೆಯಬೇಡಿ. ಇದು ಕಾಗದದ ಮೇಲಿನ ಲೆಕ್ಕವೂ ಹೌದು. ನಿಜವಾದ ಬಣ್ಣದ ನೀರಿನಲ್ಲಿ ಉಪ್ಪು ಪೈಪೋಟಿಗೆ ಇಳಿಯುತ್ತದೆ, ಸಾಬೂನು ಅಡ್ಡ ಬರುತ್ತದೆ, ಇನ್ನೂ ಹೆಚ್ಚು ಸಿಪ್ಪೆ ಬೇಕಾಗುತ್ತದೆ. ಎರಡು ಪಟ್ಟು ಹಾಕಿ! ಮೂರು ಪಟ್ಟು ಹಾಕಿ! ಆದರೂ ಒಂದು ಪಿಕಪ್ ವಾಹನದ ಲೋಡು!

ಮೂಡುಬಿದಿರೆ, ಉಜಿರೆ, ಬಂಟ್ವಾಳದ ಶಾಲೆ ಕಾಲೇಜಿನ ಮಕ್ಕಳೇ, ಈ ವರ್ಷದ ವಿಜ್ಞಾನ ಮೇಳಕ್ಕೆ ವಿಷಯ ಸಿಕ್ಕಿತಲ್ಲ! ನಾಲ್ಕು ಗಾಜಿನ ಲೋಟ. ನಾಲ್ಕರಲ್ಲೂ ಒಂದೇ ನೀಲಿ ನೀರು. ಒಂದಕ್ಕೆ ಹಸಿ ಸಿಪ್ಪೆ. ಒಂದಕ್ಕೆ ಕುದಿಸಿ ತೊಳೆದ ಸಿಪ್ಪೆಯ ಪುಡಿ. ಒಂದಕ್ಕೆ ಬಚ್ಚಲ ಒಲೆಯ ಇದ್ದಿಲಿನ ಪುಡಿ. ಒಂದಕ್ಕೆ ಏನೂ ಇಲ್ಲ, ಅದು ಹೋಲಿಕೆಗೆ. ಮೊದಲೇ ಪಣ ಕಟ್ಟಿ, ಆಮೇಲೆ ಕದಡಿ!

ದೊಡ್ಡವರಿಗೂ ಒಂದು ಪ್ರಶ್ನೆ ಉಳಿದಿದೆ. ಮೂಡುಬಿದಿರೆಗೆ ಹತ್ತಿರದ ಕಿನ್ನಿಗೋಳಿಯಲ್ಲಿ ಉಡುಪಿ ಸೀರೆಯ ಮಗ್ಗಗಳಿವೆ. ಘಟ್ಟದಾಚೆ ಇಳಕಲ್ಲಿದೆ, ಗುಳೇದಗುಡ್ಡವಿದೆ. ಬಳ್ಳಾರಿಯಲ್ಲಿ ಜೀನ್ಸಿನ ವಾಷಿಂಗ್ ಘಟಕಗಳಿವೆ, ಅವುಗಳ ಬಣ್ಣದ ನೀರಿಗೆ ದಾರಿ ಬೇಕು. ಸಿಪ್ಪೆ ಇರುವ ಊರಲ್ಲಿ ಬಣ್ಣದ ನೀರು ಕಡಿಮೆ, ಬಣ್ಣದ ನೀರಿರುವ ಊರಲ್ಲಿ ಸಿಪ್ಪೆಯಿಲ್ಲ! ನಮ್ಮ ರಾಶಿ ಚಾರ್ಮಾಡಿ ಘಾಟಿ ಹತ್ತಬೇಕು. ಘಟ್ಟದಾಚೆ ಅಡಿಕೆ ಬೆಳೆಯುವ ಚನ್ನಗಿರಿಯವರ ರಾಶಿಯಾದರೆ ಬಳ್ಳಾರಿಗೆ ಇನ್ನೂ ಹತ್ತಿರ!

ಮೊದಲ ಲೋಡು ಯಾವ ಊರಿನದ್ದು? ಬಂಟ್ವಾಳದ್ದೋ, ಚನ್ನಗಿರಿಯದ್ದೋ? ಪಣ ಕಟ್ಟಿ ನೋಡೋಣ!